ಬೈಯುವ ಅಪ್ಪ, ಹೊಟ್ಟೆಗೆ ಹಾಕಿಕೊಳ್ಳುವ ಮನೆ: ಏನು ಮಾಡಬಹುದು?

ಅಪ್ಪನ ಸ್ಕೂಟರ್ ಸದ್ದು ಗೇಟಿನ ಹತ್ತಿರ ಕೇಳಿತು ಎಂದರೆ ನಮ್ಮ ಮನೆಯಲ್ಲಿ ಮೂರು ಕೆಲಸ ಒಟ್ಟಿಗೆ ಆಗುತ್ತಿದ್ದವು. ತಮ್ಮ ಟಿವಿ ಆರಿಸುತ್ತಿದ್ದ. ನಾನು ಕೈಗೆ ಸಿಕ್ಕ ಪುಸ್ತಕ ತೆರೆಯುತ್ತಿದ್ದೆ. ಅಮ್ಮ ಡಿಕಾಕ್ಷನ್ ಉಳಿದಿದೆಯಾ ಎಂದು ಫಿಲ್ಟರಿನ ಮುಚ್ಚಳ ತೆಗೆದು ನೋಡುತ್ತಿದ್ದಳು. ಅಪ್ಪ ಕೈ ಎತ್ತಿದವರಲ್ಲ, ಕುಡಿದವರೂ ಅಲ್ಲ. ಬಾಯಿ ಮಾತ್ರ. "ಅನ್ನಕ್ಕೆ ದಂಡ, ಭೂಮಿಗೆ ಭಾರ" ಎನ್ನುವುದು ತಮ್ಮನಿಗೆ ಮನೆಯಲ್ಲಿದ್ದ ಎರಡನೇ ಹೆಸರು. ಬೀದಿಯಲ್ಲಿ ಯಾರದ್ದಾದರೂ ಸಾವಾದರೆ ಮೊದಲು ಹೋಗಿ ನಿಲ್ಲುತ್ತಿದ್ದವರು ಇದೇ ಅಪ್ಪ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದು ಹೋಗಿರಬೇಕು ಎಂದು ನಾನೂ ತಮ್ಮನೂ ನಗುತ್ತಿದ್ದೆವು.

ಅಮ್ಮನದು ಒಂದೇ ಮಾತು. "ಅವರ ಸ್ವಭಾವನೇ ಹಾಗೆ ಕಣೇ, ಹೊಟ್ಟೆಗೆ ಹಾಕ್ಕೋ." ಸುಮಾರು ಮೂವತ್ತು ವರ್ಷ ಹಾಕಿಕೊಂಡೆ. ಈಗ ನನಗೆ 43. ಬೇರೆ ದಾರಿ ಹಿಡಿದು ಆರು ವರ್ಷ ಆಯಿತು. ಆ ಆರು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು "ಅಪ್ಪ" ಎಂದ ಕಡೆ ನಿಮ್ಮ ಮನೆಯಲ್ಲಿ ಅಮ್ಮ ಇರಬಹುದು, ಹಾಗೇ ಓದಿಕೊಳ್ಳಿ. ಅವರ ಬಾಯಿ ಮುಚ್ಚಿಸುವ ಉಪಾಯ ನನಗೆ ಸಿಕ್ಕಿಲ್ಲ. ಆ ಬಾಯಿಯ ಮುಂದೆ ಎಷ್ಟು ಹೊತ್ತು ಕೂರಬೇಕು ಎಂದು ನಾವೇ ತೀರ್ಮಾನಿಸಬಹುದು, ಅಷ್ಟು ಮಾತ್ರ ಗೊತ್ತಾಗಿದೆ.

ಮೊದಲು: ಇದು ಗದರಿಕೆಯಾ, ಹಿಂಸೆಯಾ?

ಕನ್ನಡದಲ್ಲಿ ಎರಡಕ್ಕೂ "ಬೈಯುವುದು" ಎಂದೇ ಹೇಳುತ್ತೇವೆ. ಅದೇ ತೊಂದರೆ. ಗ್ಯಾಸ್ ಆರಿಸದೆ ಮಲಗಿದ್ದಕ್ಕೆ ಬೈದರೆ ಅದು ಗದರಿಕೆ. ಅದೇ ನೆಪದಲ್ಲಿ "ನಿನ್ನನ್ನ ಹೆತ್ತಿದ್ದೇ ತಪ್ಪು" ಎಂದರೆ ಮಾತು ಗ್ಯಾಸ್ ಬಿಟ್ಟು ಎಲ್ಲಿಗೋ ಹೋಯಿತು, ಅಲ್ವಾ?

ನಾನು ನೋಡುವುದು ಇಷ್ಟು. ಮಾತು ನೀವು ಮಾಡಿದ ಕೆಲಸದ ಮೇಲಿದೆಯೋ, ನಿಮ್ಮ ಮೈಬಣ್ಣ, ಗಾತ್ರ, ಹುಟ್ಟು, ಮಕ್ಕಳಿಲ್ಲದಿರುವುದರ ಮೇಲೋ? ತಪ್ಪು ಸರಿಮಾಡಿದರೆ ನಿಲ್ಲುತ್ತದೆಯೋ, ಹತ್ತು ವರ್ಷದ ಹಿಂದಿನ ಪಿಯುಸಿ ಮಾರ್ಕ್ಸ್‌ವರೆಗೂ ಹೋಗುತ್ತದೆಯೋ? ಎಲ್ಲಕ್ಕಿಂತ ಮುಖ್ಯ, ಅವರು ಮನೆಯಲ್ಲಿ ಇಲ್ಲದಾಗಲೂ ನಿಮ್ಮ ಮೈ ಬಿಗಿಯಾಗಿರುತ್ತದೆಯಾ? ಈ ಕೊನೆಯದಕ್ಕೆ ಹೌದು ಎನ್ನುವವರಿಗೆ ಮುಂದಿನದೆಲ್ಲ ಬೇಕಾಗುತ್ತದೆ.

ಬಾಯಿ ದಾಟಿ ಕೈಗೆ ಬಂದಿದ್ದರೆ, ಸಾಮಾನು ಎಸೆಯುತ್ತಿದ್ದರೆ, ಕೊಲ್ಲುತ್ತೇನೆ ಎನ್ನುತ್ತಿದ್ದರೆ ಈ ಲೇಖನ ಪಕ್ಕಕ್ಕಿಡಿ. ಮೊದಲು ಅಲ್ಲಿಂದ ಹೊರಡಿ, 112ಕ್ಕೆ ಫೋನ್ ಮಾಡಿ.

ಮೂರು ವಾರ ಬರೆದಿಡಿ

ಹಳೆಯ ಎಲ್‌ಐಸಿ ಡೈರಿ ಇದ್ದರೆ ಸಾಕು. ದಿನ, ಹೊತ್ತು, ಎದುರಿಗೆ ಯಾರಿದ್ದರು, ಯಾವ ಮಾತಿನಿಂದ ಶುರುವಾಯಿತು, ಅವರು ಆಡಿದ ಮಾತು ಇದ್ದ ಹಾಗೇ. ನಿಮ್ಮ ಅಳು, ಸಿಟ್ಟು ಅದರಲ್ಲಿ ಬೇಡ. ಸುಮ್ನೆ ಹಾಲಿನ ಲೆಕ್ಕ ಬರೆದ ಹಾಗೆ.

ಇದು ಎರಡು ಥರ ಉಪಯೋಗಕ್ಕೆ ಬರುತ್ತದೆ. ಒಂದು, "ನಾನೇ ಜಾಸ್ತಿ ಮಾಡ್ಕೋತಿದೀನೇನೋ" ಎಂಬ ಅನುಮಾನ ಹೋಗುತ್ತದೆ. ಇನ್ನೊಂದು, ವರಸೆ ಕಾಣುತ್ತದೆ. ಅಪ್ಪನ ಬೈಗುಳದ ಅರ್ಧಕ್ಕರ್ಧ ದೊಡ್ಡಪ್ಪನ ಮನೆಗೆ ಹೋಗಿ ಬಂದ ಸಂಜೆಯೇ ಬರುತ್ತಿತ್ತು ಎಂದು ನನಗೆ ಗೊತ್ತಾಗಿದ್ದು ಹೀಗೆ. ಅಲ್ಲಿ ಅಣ್ಣನ ಮುಂದೆ ತಗ್ಗಿ ಕೂತದ್ದನ್ನು ಇಲ್ಲಿ ತೀರಿಸಿಕೊಳ್ಳುತ್ತಿದ್ದರು. ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಪಾಪ ಅನ್ನಿಸಿದ್ದಕ್ಕೆ ಬೈಸಿಕೊಳ್ಳಬೇಕಾಗಿಲ್ಲ. ಆಮೇಲೆ ಆ ಸಂಜೆಗಳಲ್ಲಿ ನಾನು ಫೋನ್ ಮಾಡುವುದನ್ನೇ ಬಿಟ್ಟೆ.

ಡೈರಿಯಲ್ಲಿ ಇನ್ನೊಂದು ಗಮನಿಸಿ. ಈ ಬಾಯಿ ಮೊದಲಿಂದಲೂ ಇದ್ದದ್ದಾ, ಹೊಸದಾಗಿ ಬಂದದ್ದಾ? ಅರವತ್ತು ದಾಟಿದ ಮೇಲೆ, ಯಾವತ್ತೂ ಕೆಟ್ಟ ಮಾತಾಡದವರು ಬೈಯಲು ಶುರುಮಾಡಿದರೆ ಅದನ್ನು ಸ್ವಭಾವ ಎಂದು ಬಿಡಬೇಡಿ. ಮರೆವಿನ ಕಾಯಿಲೆಗಳಲ್ಲಿ ಕೆಲವು ಮಿದುಳಿನ ಮುಂಭಾಗದಿಂದ ಶುರುವಾಗುತ್ತವೆ. ಅವುಗಳಲ್ಲಿ ಮರೆವಿಗಿಂತ ಮೊದಲು ನಡತೆ, ಮಾತು ಕೆಡುತ್ತದೆ. ಥೈರಾಯ್ಡ್ ಜಾಸ್ತಿಯಾದರೂ ಸಿಡುಕು ಬರುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರಿಗೆ ಊಟ ತಡವಾಗಿ ಸಕ್ಕರೆ ಇಳಿದಾಗಲೂ ಹಾಗೆಯೇ. ವಯಸ್ಸಾದವರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಬರುವುದಿಲ್ಲ, ಸಿಟ್ಟಾಗಿ ಬರುತ್ತದೆ. ಕಿವಿ ಮಂದವಾದವರು ತಮ್ಮ ಬಗ್ಗೆಯೇ ಪಿಸುಗುಟ್ಟುತ್ತಿದ್ದಾರೆ ಎಂದು ರೇಗುವುದನ್ನು ನೀವೂ ನೋಡಿರುತ್ತೀರಿ.

"ಮೆಂಟಲ್ ಡಾಕ್ಟರ ಹತ್ರ ಬರಲ್ಲ" ಎನ್ನುವವರನ್ನು ಬಿಪಿ ಶುಗರ್ ಚೆಕಪ್ ಎಂದೇ ಕರೆದುಕೊಂಡು ಹೋಗಿ, ಡೈರಿಯಲ್ಲಿರುವುದನ್ನು ಡಾಕ್ಟರಿಗೆ ಮೊದಲೇ ತಿಳಿಸಿ. ಹಳ್ಳಿ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ. ಸಾಮಾನ್ಯವಾಗಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ದೊಡ್ಡ ಆಸ್ಪತ್ರೆಯೇ ಬೇಕಾದರೆ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಕುಡಿತ ಇದ್ದ ಮನೆಯಾದರೆ ಒಂದು ನಿಯಮ: ಕುಡಿದ ರಾತ್ರಿ ಯಾವ ಮಾತೂ ಬೇಡ, ಬುದ್ಧಿ ಹೇಳುವುದಂತೂ ಬೇಡವೇ ಬೇಡ. ಏನಿದ್ದರೂ ಬೆಳಿಗ್ಗೆ ಕಾಫಿಯ ಹೊತ್ತಿಗೆ.

ಸುದ್ದಿ ಕೊಡುವುದನ್ನು ಕಡಿಮೆ ಮಾಡಿ

ಇದು ಎಲ್ಲಕ್ಕಿಂತ ಸುಲಭ, ನಾಳೆಯಿಂದಲೇ ಶುರುಮಾಡಬಹುದು. ಇವತ್ತು ಮನಸ್ಸು ಹಗುರಾಗಲಿ ಎಂದು ಹೇಳಿದ್ದು ನಾಳೆ ಬೈಗುಳವಾಗಿ ವಾಪಸ್ ಬರುತ್ತದೆ. ಸಂಬಳ, ಮನೆ ಸಾಲ, ಗಂಡನ ಜೊತೆಗಿನ ಜಗಳ, ಮಗುವಿನ ಮಾರ್ಕ್ಸ್, ಇವನ್ನೆಲ್ಲ ನಾನು ಅಪ್ಪನಿಗೆ ಹೇಳುವುದು ನಿಲ್ಲಿಸಿದೆ. ಮಳೆ, ಅಡಿಕೆ ರೇಟು, ಕ್ರಿಕೆಟ್, ಮಂಡಿನೋವು, ಇವಕ್ಕೆ ಬಾಗಿಲು ತೆಗೆದೇ ಇದೆ. ಮೊದಮೊದಲು ಬೇಜಾರಾಗುತ್ತದೆ, ಹೆತ್ತವರ ಹತ್ತಿರವೂ ಲೆಕ್ಕ ಹಾಕಿ ಮಾತಾಡಬೇಕಾ ಎಂದು. ಹಾಕಬೇಕು.

ಒಂದೇ ಒಂದು ವಾಕ್ಯ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಬೈಗುಳ ಶುರುವಾದಾಗ ನಾವು ಮಾಡುವುದು ಎರಡೇ. ಒಂದೋ ಸಮಜಾಯಿಷಿ ಕೊಡುತ್ತೇವೆ, ಇಲ್ಲವೇ ತಿರುಗಿ ಬೈಯುತ್ತೇವೆ. ಎರಡರಿಂದಲೂ ಜಗಳಕ್ಕೆ ಸೌದೆ ಹಾಕಿದ ಹಾಗಾಗುತ್ತದೆ. "ನಾನ್ಯಾಕೆ ದಂಡ, ತಿಂಗಳಿಗೆ ಇಷ್ಟು ಕಳಿಸ್ತಿಲ್ವಾ" ಎಂದ ಕೂಡಲೇ ಆ ಹಣದ ಲೆಕ್ಕದ ಮೇಲೆ ಇನ್ನೊಂದು ಗಂಟೆ. ಮೂರನೆಯದೊಂದು ಇದೆ. ನೀವು ಏನು ಮಾಡುತ್ತೀರಿ ಎಂದು ಹೇಳಿ, ಅದನ್ನೇ ಮಾಡುವುದು.

ನನ್ನ ವಾಕ್ಯ ಇದು: "ಅಪ್ಪ, ನೀವು ಹೀಗೆ ಮಾತಾಡಿದ್ರೆ ನಾನು ಫೋನ್ ಇಡ್ತೀನಿ. ನಾಳೆ ಏಳು ಗಂಟೆಗೆ ಮಾಡ್ತೀನಿ."

ಎದುರಿಗಿದ್ದರೆ: "ಅಪ್ಪ, ನಾನು ಆಚೆ ಹೋಗ್ತಿದೀನಿ. ಅರ್ಧ ಗಂಟೆ ಬಿಟ್ಟು ಬರ್ತೀನಿ."

ಈ ವಾಕ್ಯದಲ್ಲಿ "ನೀವು ಯಾವಾಗ್ಲೂ ಹೀಗೇ" ಇಲ್ಲ. "ಬೈಬೇಡಿ" ಕೂಡ ಇಲ್ಲ. ಬೈಯಬೇಡಿ ಎಂದರೆ "ನನಗೇ ಬುದ್ಧಿ ಹೇಳ್ತೀಯಾ" ಎಂದು ಇನ್ನೊಂದು ಶುರುವಾಗುತ್ತದೆ. ನಾನು ಮಾಡುವ ಕೆಲಸ ಮಾತ್ರ ಇದೆ. ಅದಕ್ಕೆ ಅವರ ಒಪ್ಪಿಗೆ ಬೇಕಿಲ್ಲ.

ಎರಡನೇ ಅರ್ಧವನ್ನು ಎಲ್ಲರೂ ಮರೆಯುತ್ತಾರೆ. ನಾಳೆ ಏಳಕ್ಕೆ ಎಂದರೆ ಏಳಕ್ಕೇ ಮಾಡಬೇಕು. ಎಂಟಕ್ಕಲ್ಲ, ಮುನಿಸು ಇಳಿದ ಮೇಲೆ ನಾಡಿದ್ದೂ ಅಲ್ಲ. ಏಕೆಂದರೆ ನಮ್ಮ ಹೆತ್ತವರಲ್ಲಿ ಬಹಳ ಮಂದಿಗೆ ಒಳಗೆ ಇರುವ ಹೆದರಿಕೆ "ಮಕ್ಕಳು ಕೈಬಿಟ್ಟಾರು" ಎನ್ನುವುದೇ. ಫೋನ್ ಇಟ್ಟು ನಾಲ್ಕು ದಿನ ಮಾತು ಬಿಟ್ಟರೆ ಆ ಹೆದರಿಕೆಗೆ ನೀರೆರೆದಂತೆ. ಏಳಕ್ಕೆ ಫೋನ್ ಬಂದರೆ ಸುದ್ದಿ ಬೇರೆ: ಮಗಳು ಎಲ್ಲೂ ಹೋಗಿಲ್ಲ, ಬೈಗುಳ ಮಾತ್ರ ಕೇಳಿಸಿಕೊಳ್ಳುವುದಿಲ್ಲ.

ಮೊದಲು ಕನ್ನಡಿ ಮುಂದೆ ಹೇಳಿ ನೋಡಿ. ನಗಬೇಡಿ, ನಾನು ಬಚ್ಚಲುಮನೆಯಲ್ಲಿ ಒಂದು ವಾರ ಹೇಳಿಕೊಂಡಿದ್ದೇನೆ. ಆದರೂ ಮೊದಲ ಸಲ ಹೇಳುವಾಗ ದನಿ ನಡುಗಿತು. ಹೇಳಿ ಫೋನ್ ಇಟ್ಟ ಮೇಲೆ ಅತ್ತೆ. ಏಳಕ್ಕೆ ಮತ್ತೆ ಮಾಡಿದಾಗ ಅಪ್ಪ ಎತ್ತಲಿಲ್ಲ. ಎಂಟು ದಿನ ಎತ್ತಲಿಲ್ಲ.

ಇದಕ್ಕೆ ಸಿದ್ಧರಾಗಿರಿ. ನೀವು ವರಸೆ ಬದಲಿಸಿದ ಕೂಡಲೇ ಬೈಗುಳ ಕಡಿಮೆಯಾಗುವುದಿಲ್ಲ, ಮೊದಲು ಜಾಸ್ತಿಯಾಗುತ್ತದೆ. ಇಷ್ಟು ವರ್ಷ ಕೆಲಸ ಮಾಡಿದ ಬೀಗದ ಕೈ ಈಗ ತಿರುಗುತ್ತಿಲ್ಲ ಎಂದರೆ ಯಾರಾದರೂ ಜೋರಾಗಿಯೇ ತಿರುಗಿಸುತ್ತಾರೆ. ಆಗ ನೀವು ಒಂದು ಸಲ ಸೋತು ಕೂತು ಕೇಳಿಸಿಕೊಂಡರೆ, ಇನ್ನಷ್ಟು ಕೂಗಿದರೆ ಕೆಲಸ ಆಗುತ್ತದೆ ಎಂದು ನೀವೇ ಕಲಿಸಿದ ಹಾಗೆ. ನನಗೆ ಇದು ತಹಬಂದಿಗೆ ಬರಲು ಸುಮಾರು ಐದು ತಿಂಗಳು ಹಿಡಿಯಿತು.

ದೊಡ್ಡಪ್ಪನ ಫೋನ್ ಬರುತ್ತದೆ

ಬಂದೇ ಬರುತ್ತದೆ. "ಏನಮ್ಮಾ, ಹೆತ್ತಪ್ಪನ ಫೋನ್ ಮಧ್ಯಕ್ಕೇ ಇಡ್ತೀಯಂತೆ?" ಇಲ್ಲಿ ಇಡೀ ಪುರಾಣ ಬಿಚ್ಚಬೇಡಿ. ಬಿಚ್ಚಿದರೆ ಅದು ಸಂಜೆಯೊಳಗೆ ಉಪ್ಪು ಖಾರ ಸೇರಿ ಅಪ್ಪನ ಕಿವಿಗೆ ಬೀಳುತ್ತದೆ. ನಾನು ಹೇಳಿದ್ದು ಇಷ್ಟೇ: "ಹೌದು ದೊಡ್ಡಪ್ಪ, ಬೈದಾಗ ಇಡ್ತೀನಿ. ಬೈಯದೆ ಇದ್ದಾಗ ಮಾತಾಡ್ತೀನಿ. ದಿನಾ ಫೋನ್ ಮಾಡ್ತಿದೀನಿ. ನಿಮ್ಮ ಕಾಲು ನೋವು ಹೇಗಿದೆ?"

ಅಮ್ಮನನ್ನು ಟಪಾಲು ಪೆಟ್ಟಿಗೆ ಮಾಡಬೇಡಿ. "ಅಪ್ಪನಿಗೆ ಹೇಳು ಹಾಗೆಲ್ಲ ಮಾತಾಡಬಾರದು ಅಂತ" ಎಂದು ನಾನು ಎಷ್ಟೋ ವರ್ಷ ಹೇಳಿ ಕಳಿಸಿದೆ. ಹೇಳಿದ್ದಕ್ಕೆ ಬೈಸಿಕೊಂಡವಳು ಅವಳು. ಅಮ್ಮ ನಮ್ಮ ಪರ ನಿಲ್ಲಲಿಲ್ಲ ಎಂಬ ಸಿಟ್ಟು ನನಗೆ ಅಪ್ಪನ ಮೇಲಿದ್ದದ್ದಕ್ಕಿಂತ ಜಾಸ್ತಿ ಇತ್ತು. ಈಗಲೂ ಪೂರ್ತಿ ಹೋಗಿಲ್ಲ.

ಅಣ್ಣತಮ್ಮ ಅಕ್ಕತಂಗಿಯರ ಜೊತೆ ಮಾತ್ರ ಒಂದು ಒಪ್ಪಂದ ಮಾಡಿಕೊಳ್ಳಿ. ಒಬ್ಬರ ಬಗ್ಗೆ ಇನ್ನೊಬ್ಬರ ಹತ್ತಿರ ಆಡಿದ ಬೈಗುಳವನ್ನು ದಾಟಿಸುವುದು ಬೇಡ. "ನಿನ್ನ ಬಗ್ಗೆ ಅಪ್ಪ ಹೀಗಂದ್ರು" ಎಂಬ ಸಾಲು ಎಷ್ಟು ಮನೆ ಒಡೆದಿದೆಯೋ. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು.

ಹಬ್ಬಕ್ಕೆ ಊರಿಗೆ ಹೋಗುವ ಮೊದಲು

ವಾಪಸ್ ಬಸ್ಸಿನ ಟಿಕೆಟ್ ಮೊದಲು ಬುಕ್ ಮಾಡಿ, ಆಮೇಲೆ ಹೋಗುವ ಟಿಕೆಟ್. ಎರಡು ರಾತ್ರಿ ಸಾಕು. ನಮ್ಮ ಮನೆಯಲ್ಲಿ ಮೂರನೇ ದಿನ ಬೆಳಿಗ್ಗೆಯೇ ಶುರುವಾಗುತ್ತದೆ ಎಂದು ಡೈರಿ ಹೇಳಿತ್ತು. ಊರಲ್ಲಿ ಹೋಗಿ ಕೂರಲು ಒಂದು ಜಾಗ ಗೊತ್ತು ಮಾಡಿಕೊಂಡಿರಿ, ಗೆಳತಿಯ ಮನೆ, ದೇವಸ್ಥಾನದ ಜಗಲಿ, ಯಾವುದಾದರೂ. "ಹಾಲು ತರ್ತೀನಿ" ಎಂದು ಎದ್ದು ಹೋಗುವುದಕ್ಕೆ ಜಗಳ ಬೇಕಾಗಿಲ್ಲ.

ದೂರ ದೇಶದಲ್ಲಿರುವವರಿಗೆ ನನ್ನ ಚಿಕ್ಕಮ್ಮನ ಮಗಳ ಉಪಾಯ ಹೇಳುತ್ತೇನೆ. ಅವಳು ಅಮೆರಿಕದಲ್ಲಿದ್ದಾಳೆ. ಮಗನ ಈಜಿನ ಕ್ಲಾಸಿನ ಹೊರಗೆ ಕಾರಿನಲ್ಲಿ ಕೂತು ಊರಿಗೆ ಫೋನ್ ಮಾಡುತ್ತಾಳೆ. ನಲವತ್ತು ನಿಮಿಷಕ್ಕೆ ಮಗ ಬರುತ್ತಾನೆ, ಮಾತು ತಾನಾಗಿಯೇ ಮುಗಿಯುತ್ತದೆ. ವಾಟ್ಸಾಪ್‌ನಲ್ಲಿ ಬರುವ ಉದ್ದದ ವಾಯ್ಸ್ ಮೆಸೇಜ್‌ಗಳನ್ನು ಅವಳು ಮಲಗುವ ಮುಂಚೆ ಕೇಳುವುದಿಲ್ಲ.

"ಕೆರೆ ಬಾವಿ ನೋಡ್ಕೋತೀನಿ" ಎಂದರೆ

ಎಷ್ಟೋ ಮನೆಯಲ್ಲಿ ಇದು ಕೊನೆಯ ಅಸ್ತ್ರ. ನೂರು ಸಲ ಸುಮ್ನೆ ಅಂದಿರಬಹುದು. ಆದರೂ ಪ್ರತಿ ಸಲವೂ ನಿಜವೆಂದೇ ತಿಳಿಯಬೇಕು. "ಹೋಗಿ ನೋಡೋಣ" ಎಂದು ಸಿಟ್ಟಿನಲ್ಲೂ ಅನ್ನಬೇಡಿ. ಪಕ್ಕದ ಮನೆಯವರನ್ನೋ ಹತ್ತಿರದ ನೆಂಟರನ್ನೋ ಕೂಡಲೇ ಕಳಿಸಿ, ಒಬ್ಬರೇ ಇರಲು ಬಿಡಬೇಡಿ. ತೋಟ ಗದ್ದೆ ಇರುವ ಮನೆಯಾದರೆ ಕೀಟನಾಶಕದ ಡಬ್ಬಿ ಮನೆಯಲ್ಲಿ ಇರಲೇಬಾರದು, ಇದ್ದರೂ ಬೀಗದಲ್ಲಿರಬೇಕು. ಆದರೆ ಅವರು ಯಾವುದಕ್ಕೆ ಹಟ ಹಿಡಿದಿದ್ದರೋ ಅದನ್ನು ಆ ಹೊತ್ತಿನಲ್ಲಿ ಒಪ್ಪಿಕೊಳ್ಳುವುದು ಬೇಡ. "ಆ ವಿಷಯ ಆಮೇಲೆ, ಈಗ ನೀವು ಮುಖ್ಯ" ಎನ್ನಿ.

14416 ಟೆಲಿ-ಮಾನಸ್ ಸಂಖ್ಯೆ, ಅಂದರೆ ಮನಸ್ಸಿನ ಕಷ್ಟಕ್ಕೆ ಫೋನಿನಲ್ಲೇ ಸಿಗುವ ನೆರವು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ, ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಬೈಯುವವರಿಗಷ್ಟೇ ಅಲ್ಲ, ಬೈಸಿಕೊಂಡವರಿಗೂ ಇದೆ. ನೀವೇ ಸಾಯುವ ಯೋಚನೆಗೆ ಹೋಗಿದ್ದರೆ ಈ ಲೇಖನ ಮುಗಿಸುವ ಮುಂಚೆ ಆ ನಂಬರ್ ಒತ್ತಿ.

ಅವರದೇ ಮನೆಯಲ್ಲಿ, ಅವರದೇ ಅನ್ನದಲ್ಲಿ ಇರುವವರು

ಮೇಲೆ ಹೇಳಿದ "ಒಂದು ವಾಕ್ಯ" ಸ್ವಂತ ಬಾಗಿಲು ಇರುವವರಿಗೆ. ಇನ್ನೂ ಓದುತ್ತಿರುವವರು, ಕೆಲಸ ಸಿಗದವರು ಅದನ್ನು ಅಪ್ಪನ ಮೇಲೆ ಪ್ರಯೋಗಿಸಿದರೆ "ಹಾಗಾದ್ರೆ ಮನೆ ಬಿಟ್ಟು ಹೋಗು" ಎಂಬ ಉತ್ತರ ಬರಬಹುದು. ನಿಮಗೆ ಈಗ ಬೇಕಾದದ್ದು ತಯಾರಿ. ಲೈಬ್ರರಿಯಲ್ಲಿ ಕೂತು ಓದಿ, ಮನೆಯಲ್ಲಿರುವ ಹೊತ್ತು ಕಡಿಮೆಯಾಗಲಿ. ಮಾರ್ಕ್ಸ್‌ಕಾರ್ಡ್, ಆಧಾರ್, ಪಾಸ್‌ಬುಕ್‌ನ ಪ್ರತಿ ಬೇರೆಡೆ ಇರಲಿ, ಡಿಜಿಲಾಕರ್‌ಗೂ ಹಾಕಿಡಿ. "ಮಾರ್ಕ್ಸ್‌ಕಾರ್ಡ್ ಸುಟ್ಟು ಹಾಕ್ತೀನಿ" ಎನ್ನುವ ಅಪ್ಪಂದಿರು ಇದ್ದಾರೆ. ನಿಮ್ಮ ಹೆಸರಲ್ಲೇ ಒಂದು ಖಾತೆ, ಅದರಲ್ಲಿ ಐನೂರಾದರೂ ಇರಲಿ. ನಿಜ ಹೇಳಿಕೊಳ್ಳಲು ಒಬ್ಬರು ದೊಡ್ಡವರು, ಅತ್ತೆಯೋ ಸೋದರಮಾವನೋ ಮೇಷ್ಟ್ರೋ.

ಹದಿನೆಂಟು ತುಂಬದವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಮಗುವನ್ನು ನೋಡಿಕೊಳ್ಳಬೇಕಾದವರೇ ಅದಕ್ಕೆ ಮಾನಸಿಕ ಹಿಂಸೆ ಆಗುವಂತೆ ನಡೆದುಕೊಂಡರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ ಅದು ಅಪರಾಧ.

ಕಾನೂನು ಎಷ್ಟರ ಮಟ್ಟಿಗೆ

ಮಗಳಿಗೆ, ಹೆಂಡತಿಗೆ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಎಂದರೆ ಗಂಡ ಹೆಂಡಿರದು ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅದು ರಕ್ತಸಂಬಂಧಕ್ಕೂ ಅನ್ವಯಿಸುತ್ತದೆ. ಅವಮಾನ ಮಾಡುವುದು, ಹೀಯಾಳಿಸುವುದು, ಮಗು ಇಲ್ಲ ಅಥವಾ ಗಂಡುಮಗು ಇಲ್ಲ ಎಂದು ಮೂದಲಿಸುವುದು ಎಲ್ಲ ಅದರ 3ನೇ ಕಲಮಿನಲ್ಲಿ ಹೆಸರಿಟ್ಟು ಬರೆದಿದೆ. ಬೈಯುವವರು ಗಂಡಸೇ ಆಗಿರಬೇಕಿಲ್ಲ, "ವಯಸ್ಕ ಗಂಡಸು" ಎಂಬ ಮಾತನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯಿಂದ ತೆಗೆದುಹಾಕಿತು. ಮಹಿಳಾ ಸಹಾಯವಾಣಿ 181. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟ್ ಆವರಣದಲ್ಲೇ ಇರುತ್ತದೆ, ಫೋನ್ 15100. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ. ಗಂಡುಮಕ್ಕಳಿಗೆ ಈ ಕಾಯ್ದೆಯಿಲ್ಲ, ನನ್ನ ತಮ್ಮನಂಥವರಿಗೆ ದೂರ ಇರುವುದೇ ದಾರಿ.

ಇನ್ನೊಂದು ಕಡೆಯೂ ಇದೆ. ಸಂಬಂಧ ಕಡಿದುಕೊಂಡೆ ಎಂದ ಮಾತ್ರಕ್ಕೆ ಖರ್ಚಿನ ಹೊಣೆ ಹೋಗುವುದಿಲ್ಲ. ಸ್ವಂತ ಆದಾಯ, ಆಸ್ತಿಯಿಂದ ಬದುಕಲಾಗದ ತಂದೆತಾಯಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಅದನ್ನು ಕೇಳುವುದು ಉಪವಿಭಾಗಾಧಿಕಾರಿ, ಅಂದರೆ ಎಸಿ ಕಚೇರಿಯಲ್ಲಿ. ತಮ್ಮ ಎರಡು ವರ್ಷದಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಾನೆ. ಔಷಧಿಯ ದುಡ್ಡು ಮಾತ್ರ ಪ್ರತಿ ತಿಂಗಳು 5ನೇ ತಾರೀಕು ಅಂಗಡಿಯವರ ಖಾತೆಗೆ ನೇರ ಹೋಗುತ್ತದೆ. ಮಾತು ಬಿಡುವುದು, ಹೊಣೆ ಬಿಡುವುದು ಎರಡೂ ಒಂದೇ ಅಲ್ಲ ಎಂದು ನನಗೆ ತೋರಿಸಿದವನು ಅವನು. ಅವನು ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ, ಅಮ್ಮನ ಮುಂದೆಯೂ ಹಾಗೇ ಹೇಳಿದ್ದೇನೆ.

ಕೊನೆಗೆ, ನಮ್ಮ ಬಾಯಿ

ಇದನ್ನು ಬರೆಯಲು ಮುಜುಗರ. ಕಳೆದ ವರ್ಷ ಮಗಳು ಯೂನಿಫಾರಂ ಮೇಲೆ ಬೇಕೆಂದೇ ಇಂಕ್ ಚೆಲ್ಲಿಕೊಂಡಳು ಎಂದುಕೊಂಡು ರೇಗಿದೆ. ಬಾಯಿಂದ ಬಂದದ್ದು "ದಂಡಪಿಂಡ". ದನಿಯೂ ಅಪ್ಪನದೇ. ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ.

ನೀವೂ ಒಂದಲ್ಲ ಒಂದು ದಿನ ಇಲ್ಲಿಗೆ ಬರುತ್ತೀರಿ. ಆಗ "ಅಮ್ಮ ಪ್ರೀತಿಯಿಂದ ಬೈದಿದ್ದು" ಎನ್ನಬೇಡಿ. ಅದನ್ನು ನಾವು ಸಾಕಷ್ಟು ಕೇಳಿದ್ದೇವೆ. ಅದೇ ದಿನ, ಮಲಗುವ ಮುಂಚೆ, ಆಡಿದ ಮಾತನ್ನು ಹೆಸರು ಹಿಡಿದು ತಪ್ಪಾಯಿತು ಎನ್ನಿ: "ನಿನಗೆ ದಂಡಪಿಂಡ ಅಂದೆ, ಅದು ತಪ್ಪು." ನಾನು ಹಾಗೇ ಹೇಳಿದೆ. ಅಜ್ಜನ ಫೋನಿನ ವಾಕ್ಯವನ್ನು ಅವಳು ಅಡುಗೆಮನೆಯಿಂದ ಎಷ್ಟು ಸಲ ಕೇಳಿಸಿಕೊಂಡಿದ್ದಳೋ.

ಅದಾದ ತಿಂಗಳಿಗೆ ಇನ್ನೊಂದು ವಿಷಯಕ್ಕೆ ನಾನು ದನಿ ಏರಿಸಿದೆ. ಒಂಬತ್ತು ವರ್ಷದವಳು ಸ್ಕೂಲ್ ಬ್ಯಾಗ್ ಕೆಳಗಿಟ್ಟಳು. "ಅಮ್ಮ, ನೀನು ಹೀಗೆ ಮಾತಾಡಿದ್ರೆ ನಾನು ರೂಮಿಗೆ ಹೋಗ್ತೀನಿ. ಹತ್ತು ನಿಮಿಷ ಬಿಟ್ಟು ಬರ್ತೀನಿ" ಎಂದು ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಗಡಿಯಾರ ನೋಡುತ್ತಾ ಹೊರಗೆ ಕೂತೆ. ಹತ್ತು ನಿಮಿಷಕ್ಕೆ ಸರಿಯಾಗಿ ಬಂದಳು.